ಅಪ್ಪ ಅಮ್ಮನ ಜೊತೆ ಪೋರ್ಟೋಲಾ ರೆಡ್‌ವುಡ್ಸ್‌ನಲ್ಲಿ ಎರಡು ರಾತ್ರಿ ಕ್ಯಾಂಪಿಂಗ್: ಸಲಹೆ ಬೇಕು

ತಿಪಟೂರು ಕೊಬ್ಬರಿ (ಫ್ರೀಮಾಂಟ್), ಮೇ 14

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ಏಪ್ರಿಲ್‌ನಲ್ಲಿ ಊರಿಂದ ಇಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದಾರೆ. ಗೋಲ್ಡನ್ ಗೇಟ್ ಆಯಿತು, ಲಿವರ್‌ಮೋರ್ ದೇವಸ್ಥಾನ ಮೂರು ಸಲ ಆಯಿತು, ಅಂಗಡಿ ಸುತ್ತಿದ್ದಕ್ಕೆ ಲೆಕ್ಕವೇ ಇಲ್ಲ. ಈಗ ಇಬ್ಬರೂ ಕಿಟಕಿ ಹತ್ತಿರ ಕೂತು ರಸ್ತೆ ನೋಡುತ್ತಿರುತ್ತಾರೆ. ನೋಡಿದರೆ ಪಾಪ ಅನ್ನಿಸುತ್ತೆ.

ಡಿಸೆಂಬರ್‌ನಲ್ಲೇ ಒಂದು ದಿನ ಬೆಳಿಗ್ಗೆ 8ಕ್ಕೆ ಸರಿಯಾಗಿ ಲ್ಯಾಪ್‌ಟಾಪ್ ಮುಂದೆ ಕೂತು, ಪೋರ್ಟೋಲಾ ರೆಡ್‌ವುಡ್ಸ್ ಸ್ಟೇಟ್ ಪಾರ್ಕ್‌ನಲ್ಲಿ ಜೂನ್‌ನ ಒಂದು ಶುಕ್ರವಾರ, ಶನಿವಾರಕ್ಕೆ ಟೆಂಟ್ ಹಾಕೋ ಸೈಟ್ ಬುಕ್ ಮಾಡಿ ಹಿಡಿದಿದ್ದೆ. ಆಗ ಇವರು ಬರೋದು ಪಕ್ಕಾ ಇರಲಿಲ್ಲ. ಈಗ ಇವರನ್ನೂ ಕರೆದುಕೊಂಡು ಹೋಗೋಣ ಅಂತ.

ಅಮ್ಮ ಒಂದೇ ಪ್ರಶ್ನೆ ಕೇಳಿದರು. "ಮನೇಲಿ ಮಂಚ ಇದೆ, ಹಾಸಿಗೆ ಇದೆ. ರಾತ್ರಿಗೆ 35 ಡಾಲರ್ ಕೊಟ್ಟು ಕಾಡಲ್ಲಿ ನೆಲದ ಮೇಲೆ ಯಾಕೋ ಮಲಗಬೇಕು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅಪ್ಪ ಮಾತ್ರ "ಹೋಗಿ ನೋಡೋಣ ಬಿಡೇ" ಅಂದರು.

ಅಪ್ಪನಿಗೆ 71, ಮೊಣಕಾಲು ನೋವು ಇದೆ. ಅಮ್ಮನಿಗೆ 66, ಬಿಪಿ ಮಾತ್ರೆ. ಜೊತೆಗೆ ನಾವಿಬ್ಬರು, ಆರು ವರ್ಷದ ಮಗಳು. ರಾತ್ರಿ ಎಷ್ಟು ಚಳಿ ಇರುತ್ತೆ? ಊಟಕ್ಕೆ ಏನು ಮಾಡೋದು? ವಯಸ್ಸಾದವರು ನಡೆಯೋ ಥರದ ದಾರಿ ಇದೆಯಾ? ಟಾಯ್ಲೆಟ್ ವಿಷಯ ಅಮ್ಮ ನೇರವಾಗಿ ಕೇಳಿಲ್ಲ, ಆದರೆ ಅವರ ನಿಜವಾದ ಪ್ರಶ್ನೆ ಅದೇ ಅಂತ ಗೊತ್ತು.

ಒಂಟಿ ಬೂಟು (ಸ್ಯಾನ್ ಹೋಸೆ), ಮೇ 14

ಒಳ್ಳೆ ಜಾಗ ಹಿಡಿದಿದ್ದೀರಿ. ಮೊದಲು ಟಾಯ್ಲೆಟ್: ಫ್ಲಶ್ ಇರುವ ಸರಿಯಾದ ಟಾಯ್ಲೆಟ್ ಇದೆ, ಸ್ನಾನಕ್ಕೂ ವ್ಯವಸ್ಥೆ ಇದೆ. ಅಮ್ಮನಿಗೆ ಇದನ್ನೇ ಮೊದಲು ಹೇಳಿ, ಅರ್ಧ ಜಗಳ ಮುಗಿಯುತ್ತೆ. ರಾತ್ರಿ ಹೋಗೋಕೆ ಒಬ್ಬೊಬ್ಬರಿಗೂ ತಲೆಗೆ ಕಟ್ಟುವ ಟಾರ್ಚು ಕೊಡಿ. ಕೈಯಲ್ಲಿ ಹಿಡಿಯೋದಾದರೆ ಒಂದು ಕೈ ಖಾಲಿ ಇರಲ್ಲ, ಬೇರು ಎಡವಿದರೆ ಹಿಡ್ಕೊಳ್ಳೋಕೆ ಆಗಲ್ಲ.

ದಾರಿ ಬಗ್ಗೆ. ಸ್ಕೈಲೈನ್ ರಸ್ತೆ ದಾಟಿ ಆಲ್ಪೈನ್ ರೋಡ್ ಹಿಡಿದ ಮೇಲೆ ಬರೀ ತಿರುವು. ಆಗುಂಬೆಯಷ್ಟಲ್ಲ, ಆದರೆ ಹಿಂದಿನ ಸೀಟಲ್ಲಿ ಕೂತವರಿಗೆ ಹೊಟ್ಟೆ ತೊಳಸುತ್ತೆ. ಅಮ್ಮನನ್ನು ಮುಂದೆ ಕೂರಿಸಿ, ಕೈಗೊಂದು ನಿಂಬೆಹಣ್ಣು ಕೊಡಿ. ಪೆಟ್ರೋಲ್ ಮೊದಲೇ ತುಂಬಿಸಿಕೊಳ್ಳಿ. ಕೆಳಗಿಳಿದ ಮೇಲೆ ಫೋನ್ ಸಿಗ್ನಲ್ ಇಲ್ಲ, ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಬುಕಿಂಗ್ ಕಾಗದವನ್ನೂ ಪ್ರಿಂಟ್ ತೆಗೆದುಕೊಂಡು ಹೋಗಿ.

ಚಳಿ: ಜೂನ್ ಅಂತ ನಂಬಬೇಡಿ. ರೆಡ್‌ವುಡ್ ಕಾಡು ಅಂದರೆ ಮಂಜು ಕುಡಿದು ಬೆಳೆಯೋ ಕಾಡು. ಹಗಲು ಅಂಗಿ ಸಾಕು, ರಾತ್ರಿ ಸ್ವೆಟರ್ ಮೇಲೆ ಜಾಕೆಟ್ ಬೇಕು. ಊರಿಂದ ಮಂಕಿ ಟೋಪಿ ತಂದಿದ್ದರೆ ಅದಕ್ಕಿಂತ ಒಳ್ಳೇದು ಇಲ್ಲಿ ಯಾವ ಅಂಗಡಿಯಲ್ಲೂ ಸಿಗಲ್ಲ. ಇನ್ನೊಂದು ಮುಖ್ಯ. ಗಾಳಿ ತುಂಬುವ ಹಾಸಿಗೆ ಮೆತ್ತಗಿರುತ್ತೆ ಅಂತ ಎಲ್ಲರೂ ತರುತ್ತಾರೆ. ಅದರೊಳಗಿನ ಗಾಳಿ ನೆಲದ ಚಳಿಯನ್ನೆಲ್ಲ ಬೆನ್ನಿಗೆ ತಂದು ಮುಟ್ಟಿಸುತ್ತೆ. ಅದರ ಮೇಲೆ ದಪ್ಪ ಕಂಬಳಿ ಹಾಸಿ, ಆಮೇಲೆ ಮಲಗಲಿ. ಹೊದೆಯೋದಕ್ಕಿಂತ ಹಾಸೋದು ಜಾಸ್ತಿ ಇರಬೇಕು.

ನಡೆಯೋಕೆ ಸೆಕೋಯಾ ನೇಚರ್ ಟ್ರೈಲ್ ಇದೆ, ಒಂದು ಮೈಲಿಗೂ ಕಮ್ಮಿ. ಓಲ್ಡ್ ಟ್ರೀ ಅನ್ನೋ ಮರದ ಹತ್ತಿರಕ್ಕೂ ಸುಲಭದ ದಾರಿ. ಟಿಪ್‌ಟೋ ಫಾಲ್ಸ್ ಅಂತ ಒಂದು ಜಲಪಾತ ಇದೆ. ಜೋಗ ನೋಡಿದವರಿಗೆ ಮೊದಲೇ ಹೇಳಿಬಿಡಿ, ಅದು ಆಳೆತ್ತರ ಅಷ್ಟೇ! ಪೀಟರ್ಸ್ ಕ್ರೀಕ್ ಕಡೆಯ ದಾರಿ ಸುಮಾರು 13 ಮೈಲಿ, ಇಳಿದು ಹತ್ತಬೇಕು. ಅದು ಈ ಸಲ ಬೇಡ.

ಊಟದ ತುಣುಕು ಕೆಳಗೆ ಬೀಳಿಸಬೇಡಿ, ಅಲ್ಲಿ ಅದಕ್ಕೆ ಬಹಳ ಕಟ್ಟುನಿಟ್ಟು. ಒಂದು ಸೈಟಿಗೆ ಎಂಟು ಜನ ಮಾತ್ರ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಗಲಾಟೆ ಇಲ್ಲ. ಅಡುಗೆ ದೊಡ್ಡದು ಮಾಡಬೇಡಿ. ಬ್ರೆಡ್ಡು, ಹಣ್ಣು, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು. ಕಾಡು ನೋಡೋಕೆ ಹೋಗೋದು, ಅಡುಗೆಮನೆ ಹೊತ್ತುಕೊಂಡು ಹೋಗೋಕಲ್ಲ.

ಕಟಕ್ ರೊಟ್ಟಿ (ಸ್ಯಾಕ್ರಮೆಂಟೊ), ಮೇ 14

ಒಂಟಿ ಬೂಟು ಅವರೇ, ಕೊನೆಯ ಸಾಲಿಗೆ ನನ್ನ ಪೂರ್ತಿ ವಿರೋಧ ಇದೆ ರೀ. 71 ವರ್ಷದವರಿಗೆ ಎರಡು ದಿನ ಬ್ರೆಡ್ಡು ಕೊಟ್ಟರೆ ಅವರು ಕಾಡು ನೋಡುವುದಿಲ್ಲ, ಗಡಿಯಾರ ನೋಡುತ್ತಾರೆ.

ನಮ್ಮದು ನಡೆದದ್ದು ಹೇಳುತ್ತೇನೆ. ಅತ್ತೆ ಮಾವ ಬಂದಾಗ ಕ್ಯಾಲವೆರಾಸ್ ಬಿಗ್ ಟ್ರೀಸ್ ಪಾರ್ಕ್‌ಗೆ ಹೋಗಿದ್ದೆವು. ಅತ್ತೆ ನನಗೆ ಗೊತ್ತಾಗದ ಹಾಗೆ ಕುಕ್ಕರ್ ತಂದಿದ್ದರು, ಸೀರೆಯಲ್ಲಿ ಸುತ್ತಿ! ಬೆಳಿಗ್ಗೆ ಆರೂವರೆಗೆ ಎದ್ದು, ಸ್ಟೋವ್ ಹಚ್ಚಿ, ಬೇಳೆ ಇಟ್ಟಿದ್ದಾರೆ. ಮೂರು ಸಲ ಕೂಗಿತು ನೋಡಿ, ಪಕ್ಕದ ಸೈಟಿನ ಗಂಡ ಹೆಂಡತಿ ಚಡ್ಡಿಯಲ್ಲೇ ಹೊರಗೆ ಓಡಿ ಬಂದರು, ಏನೋ ಸಿಡಿಯುತ್ತೆ ಅಂತ. ಕಾನೂನಿನ ಪ್ರಕಾರ 6 ದಾಟಿತ್ತು, ನಮ್ಮದು ತಪ್ಪಿಲ್ಲ. ಆದರೂ ನಾಚಿಕೆಯಿಂದ ಅವರಿಗೊಂದು ಬಟ್ಟಲು ಸಾರು ಕೊಟ್ಟು ಬಂದೆ. ಬಟ್ಟಲು ತೊಳೆದು ವಾಪಸ್ ತಂದುಕೊಟ್ಟರು, "ಇನ್ನೂ ಇದೆಯಾ" ಅಂತ ಕೇಳಿದರು.

ಹಾಗಾಗಿ ಕುಕ್ಕರ್ ಬೇಡ, ಊಟ ಬೇಕು. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ವಾರ ಇಟ್ಟರೂ ಕೆಡಲ್ಲ. ನಿಮ್ಮ ಕಡೆಯವರಾದರೆ ಪುಳಿಯೋಗರೆ ಗೊಜ್ಜು ಬಾಟಲಿಯಲ್ಲಿ ತನ್ನಿ, ಅಲ್ಲಿ ಬರೀ ಅನ್ನ ಮಾಡಿ. ಒಂದು ಹೊತ್ತು ಗೊಜ್ಜವಲಕ್ಕಿ. ಒಗ್ಗರಣೆ ಎಲ್ಲ ಮನೆಯಲ್ಲೇ ಹಾಕಿ ಡಬ್ಬಿಗೆ ತುಂಬಿ.

ಕ್ಯಾಲವೆರಾಸ್ ಪಾರ್ಕಿನಲ್ಲಿ 1853ರಲ್ಲಿ ಕಡಿದ ದೊಡ್ಡ ಸೆಕೋಯಾ ಮರದ ಬುಡ ಇನ್ನೂ ಇದೆ. ಆಗಿನ ಜನ ಅದರ ಮೇಲೆ ಡ್ಯಾನ್ಸ್ ಮಾಡುತ್ತಿದ್ದರಂತೆ. ಅತ್ತೆ ಅದನ್ನು ಕೇಳಿ ಏನೂ ಮಾತಾಡಲಿಲ್ಲ. ಚಪ್ಪಲಿ ಬಿಟ್ಟು, ಬುಡ ಮುಟ್ಟಿ ನಮಸ್ಕಾರ ಮಾಡಿದರು.

ಒಂಟಿ ಬೂಟು, ಮೇ 15

ಸಾರು ಕೊಟ್ಟ ಮೇಲೆ ನಾನು ಏನು ಹೇಳಲಿ. ಸೋತೆ.

ಮಲೆನಾಡ ಜಿಗಣೆ (ಸಾಂಟಾ ಕ್ರೂಜ್), ಮೇ 15

ಪಾಯಿಸನ್ ಓಕ್ ಅನ್ನೋ ತುರಿಕೆ ಗಿಡದ ಬಗ್ಗೆ ಯಾರೂ ಹೇಳಲಿಲ್ಲ. ಅಮ್ಮ ದೇವರ ಪೂಜೆ ಮಾಡೋರಾ? ಹಾಗಾದರೆ ಗಮನ ಇಟ್ಟು ಓದಿ. ಈ ಗಿಡಕ್ಕೆ ಒಂದು ತೊಟ್ಟಿಗೆ ಮೂರು ಎಲೆ. ಮೂರೆಲೆ ಕಂಡ ತಕ್ಷಣ ಬಿಲ್ವಪತ್ರೆ ನೆನಪಾಗಿ ನನ್ನ ಚಿಕ್ಕಮ್ಮ ಕೈ ಹಾಕಿದ್ದರು. ಆಮೇಲೆ ಹತ್ತು ದಿನ ಮುಂಗೈ ತುಂಬ ಗುಳ್ಳೆ, ತುರಿಕೆ.

ಮನೆಯವರಿಗೆ ಹೇಗೆ ಹೇಳೋದು ಅಂದರೆ: ಇದು ಗೇರು, ಮಾವಿನ ಕುಟುಂಬದ ಗಿಡ. ಗೇರುಬೀಜದ ಸಿಪ್ಪೆ ಎಣ್ಣೆ ಕೈಗೆ ತಾಗಿದರೆ ಏನಾಗುತ್ತೆ, ಮಾವಿನ ಸೊನೆ ತುಟಿಗೆ ಬಿದ್ದರೆ ಏನಾಗುತ್ತೆ ಅಂತ ಊರಿನವರಿಗೆ ಚೆನ್ನಾಗಿ ಗೊತ್ತು. ಅದೇ ಸೊನೆಯ ಅಣ್ಣ ಇದು. ಹೊಸ ಎಲೆ ಕೆಂಪಗೆ ಹೊಳೆಯುತ್ತೆ, ಮಕ್ಕಳಿಗೆ ಕಿತ್ತುಕೊಳ್ಳೋ ಆಸೆ ಆಗುತ್ತೆ. ತಾಗಿದರೆ ಬೇಗ ಸೋಪು ಹಾಕಿ ತಣ್ಣೀರಲ್ಲಿ ತೊಳೆಯಿರಿ. ಬಟ್ಟೆಯನ್ನೂ, ಶೂ ಲೇಸನ್ನೂ ತೊಳೆಯಿರಿ, ಎಣ್ಣೆ ಅಲ್ಲೇ ಉಳಿದಿರುತ್ತೆ.

ಅಂದಹಾಗೆ, ಯಾವ ಎಲೆ ಹೂವನ್ನೂ ಕೀಳೋ ಹಾಗಿಲ್ಲ. ಬಿದ್ದ ಸೌದೆ ಆರಿಸೋದೂ ಇಲ್ಲ, ಅದು ಕಾಡಿನ ಗೊಬ್ಬರ. ಮನೆಯಿಂದಲೂ ಸೌದೆ ತರಬೇಡಿ. ಕಟ್ಟಿಗೆಯೊಳಗೆ ಕೂತು ಹುಳ, ಮರದ ರೋಗ ಒಂದು ಕಾಡಿಂದ ಇನ್ನೊಂದಕ್ಕೆ ಹೋಗುತ್ತೆ. ಅಲ್ಲೇ ಹತ್ತಿರದಲ್ಲಿ ಸೌದೆ ಕಟ್ಟು ಕೊಂಡುಕೊಳ್ಳಿ, ಬೆಂಕಿ ಹಾಕಬಹುದಾ ಅಂತ ಮೊದಲೇ ಕೇಳಿಕೊಳ್ಳಿ.

ಮಗಳಿಗೆ ಬನಾನಾ ಸ್ಲಗ್ ತೋರಿಸಿ. ಬಾಳೆಹಣ್ಣಿನ ಬಣ್ಣ, ಚಿಪ್ಪಿಲ್ಲದ ಬಸವನಹುಳು. ನಮ್ಮೂರ ಯೂನಿವರ್ಸಿಟಿಗೆ ಅದೇ ಲಾಂಛನ, ಹೆಮ್ಮೆಯಿಂದ ಹೇಳ್ತೀನಿ.

ಡಲ್ಲಾಸ್ ದೋಸೆ, ಮೇ 16

ನೀವೆಲ್ಲ ಜೂನ್‌ನಲ್ಲಿ ಸ್ವೆಟರ್ ಬಗ್ಗೆ ಮಾತಾಡ್ತಿದ್ದೀರಲ್ಲ, ಹೊಟ್ಟೆ ಉರಿಯುತ್ತೆ. ಟೆಕ್ಸಸ್‌ನಲ್ಲಿ ನಮ್ಮ ಕ್ಯಾಂಪಿಂಗ್ ನವೆಂಬರ್‌ನಿಂದ ಮಾರ್ಚ್ ತನಕ ಅಷ್ಟೇ. ಎನ್ಚಾಂಟೆಡ್ ರಾಕ್‌ಗೆ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. 425 ಅಡಿ ಎತ್ತರದ ಒಂದೇ ಗುಲಾಬಿ ಬಂಡೆ. ಅಪ್ಪ ಕೆಳಗೆ ನಿಂತು ನೋಡಿ, "ಇದಕ್ಕೆ ವಿಮಾನ ಹತ್ತಿ ಬರಬೇಕಿತ್ತಾ? ಸಾವನದುರ್ಗ ಮಾಗಡಿ ಹತ್ತಿರಾನೇ ಇತ್ತಲ್ಲ" ಅಂದರು. ಆದರೂ ಮೇಲಿನವರೆಗೆ ಹತ್ತಿದರು.

ಒಂದು ಉಪಯೋಗದ ಮಾತು. ನ್ಯಾಷನಲ್ ಪಾರ್ಕ್ ವರ್ಷದ ಪಾಸ್ ಸ್ಟೇಟ್ ಪಾರ್ಕ್‌ನಲ್ಲಿ ನಡೆಯಲ್ಲ. ಗೇಟಲ್ಲಿ ವಾದ ಮಾಡಿ ಹೆಂಡತಿ ಮುಂದೆ ಮಾನ ಕಳ್ಕೊಂಡಿದ್ದೀನಿ.

ಒಂಟಿ ಬೂಟು, ಮೇ 16

ಕ್ಯಾಲಿಫೋರ್ನಿಯಾದಲ್ಲೂ ಅಷ್ಟೇ. ಆದರೆ ಇಲ್ಲಿ ಲೈಬ್ರರಿಯಲ್ಲಿ ಪುಸ್ತಕದ ಥರ ಸ್ಟೇಟ್ ಪಾರ್ಕ್ ಪಾಸನ್ನು ಎರವಲು ತಗೋಬಹುದು. ಒಂದು ಗಾಡಿಗೆ ಹಗಲಿನ ಪ್ರವೇಶ. ನಮ್ಮ ಲೈಬ್ರರಿಯಲ್ಲಿ ಕಾದು ತಗೊಂಡಿದ್ದೆ. ಕ್ಯಾಂಪಿಂಗ್‌ಗೆ ಅದು ಬರಲ್ಲ.

ಗಿರಿಗದ್ದೆ (ಬೆಂಗಳೂರು), ಮೇ 17

ಸುಮ್ನೆ ಓದ್ತಿದ್ದೆ, ತಡೆಯೋಕಾಗಲಿಲ್ಲ. ನಂಬರ್ ಹಾಕಿದ ಜಾಗ, ಮೇಜು, ಟಾಯ್ಲೆಟ್, ಒಂದು ಸೈಟಿಗೆ ಎಂಟೇ ಜನ. ನಮಗೆ ಇದು ಯಾಕೆ ಆಗಲ್ಲ? 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಸಾಲುಗಟ್ಟಿ ನಿಂತ ಜನರ ಫೋಟೋ ನೀವೂ ನೋಡಿರ್ತೀರಿ. ಬೆಟ್ಟವೋ, ಮೆಜೆಸ್ಟಿಕ್ ಬಸ್ ಸ್ಟ್ಯಾಂಡೋ ಗೊತ್ತಾಗ್ತಿರಲಿಲ್ಲ. ಆಮೇಲೆ ಆನ್‌ಲೈನ್ ಬುಕಿಂಗ್ ಬಂತು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಬಂತು. ಅದು ಒಳ್ಳೇದೇ. ಆದರೆ ಕಾಡಲ್ಲಿ ಒಂದು ರಾತ್ರಿ ಮಲಗಬೇಕು ಅಂದರೆ ಒಂದೋ ದುಬಾರಿ ರೆಸಾರ್ಟ್, ಇಲ್ಲ ಕದ್ದು ಟೆಂಟ್. ನಡುವೆ ಹೆಚ್ಚೇನೂ ಇಲ್ಲ. ಕುಮಾರ ಪರ್ವತದ ದಾರಿಯ ಭಟ್ರ ಮನೆ ಅಂಗಳದಲ್ಲಿ ಮಲಗಿ ಎದ್ದ ಕಾಲ ನೆನಪಾಗುತ್ತೆ.

ಮಲೆನಾಡ ಜಿಗಣೆ, ಮೇ 17

ನಿಮ್ಮ ಸಂಕಟ ಅರ್ಥ ಆಗುತ್ತೆ. ಆದರೆ ನಮ್ಮ ಕಾಡಲ್ಲಿ ಆನೆ ಇದೆ ಸ್ವಾಮಿ, ಊಟ ಕದಿಯೋ ಪುಟ್ಟ ರಕೂನ್ ಅಲ್ಲ. ಮೇಜು ಹಾಕಿ ನಂಬರ್ ಬರೆದರೆ ಅದು ಓದಿಕೊಂಡು ಪಕ್ಕಕ್ಕೆ ಹೋಗಲ್ಲ.

ತಿಪಟೂರು ಕೊಬ್ಬರಿ, ಜೂನ್ 17

ಹೋಗಿ ಬಂದೆವು! ಉದ್ದ ಬರೀತೀನಿ, ಕಾಫಿ ತಗೊಂಡು ಕೂತ್ಕೊಳ್ಳಿ.

ಶುಕ್ರವಾರ ನಾಲ್ಕು ಗಂಟೆಗೆ ತಲುಪಿದೆವು. ನಿಂಬೆಹಣ್ಣು ಕೆಲಸ ಮಾಡಿತು. ಕಾರಿಂದ ಇಳಿದು ಅಪ್ಪ ಮೇಲೆ ನೋಡಿದರು, ನೋಡುತ್ತಾ ನೋಡುತ್ತಾ ಒಂದು ಹೆಜ್ಜೆ ಹಿಂದೆ ಹೋದರು, ಮತ್ತೊಂದು ಹೆಜ್ಜೆ ಹಿಂದೆ ಹೋದರು, ಕೊನೆಗೆ ಕಾರಿಗೆ ಒರಗಿ ನಿಂತರು. ತೆಂಗಿನ ತೋಟದವರು ಅವರು, ಎತ್ತರದ ಮರ ಹೊಸದಲ್ಲ. "ಇದಕ್ಕೆ ಯಾರೋ ಹತ್ತುತ್ತಾರೆ?" ಅಂತ ಕೇಳಿದರು. ಯಾರೂ ಹತ್ತಲ್ಲ ಅಂದೆ. ಅವರಿಗೆ ಅದು ಸರಿ ಅನ್ನಿಸಲಿಲ್ಲ.

ಟೆಂಟ್ ಹಾಕಿದೆವು. ಇಲ್ಲೊಂದು ಎಡವಟ್ಟು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ತು ಅಂತ ಹೊಸ ಟೆಂಟ್ ತಗೊಂಡಿದ್ದೆ, ಮನೆಯಲ್ಲಿ ಒಂದು ಸಲವೂ ಬಿಚ್ಚಿ ನೋಡಿರಲಿಲ್ಲ. ಬಾಗಿಲಿನ ಜಿಪ್ ಎರಡನೇ ಸಲ ಎಳೆದಾಗಲೇ ಹಲ್ಲು ಕಿತ್ಕೊಂಡು ಬಂತು. ಕತ್ತಲಾಗ್ತಿತ್ತು, ರಕೂನ್ ಭಯ ಬೇರೆ. ಹೆಂಡತಿ ನನ್ನನ್ನು ನೋಡಿದ ರೀತಿ ಬರೆಯಲ್ಲ. ಅಮ್ಮ ಏನೂ ಮಾತಾಡದೆ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳನ್ನು ಒಂದೊಂದೇ ತೆಗೆದರು, ಐದು ಪಿನ್ನು. ಅಪ್ಪನ ಪಂಚೆಯನ್ನು ಬಾಗಿಲಿಗೆ ಅಡ್ಡ ಹಿಡಿದು, ಸೀರೆ ಸೆರಗಿಗೆ ಹಾಕೋ ಹಾಗೆ ನೆರಿಗೆ ಹಿಡಿದು ಪಿನ್ ಮಾಡಿದರು. ಎರಡು ರಾತ್ರಿ ಅದೇ ನಮ್ಮ ಬಾಗಿಲು. ಎಣ್ಣೆ, ಟೂತ್‌ಪೇಸ್ಟ್, ಡಬ್ಬಿಗಳನ್ನೆಲ್ಲ ಸೈಟಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಹಾಕಿ ಚಿಲಕ ಹಾಕಿದೆವು.

ರಾತ್ರಿ ಎರಡು ಗಂಟೆಗೆ ಎಚ್ಚರ ಆದಾಗ ಅಮ್ಮ ಹೊರಗೆ ಮೇಜಿನ ಹತ್ತಿರ ಕೂತಿದ್ದರು, ಅಪ್ಪನ ಮಂಕಿ ಟೋಪಿ ಹಾಕ್ಕೊಂಡು. ಹೆದರಿ ಹೊರಗೆ ಬಂದೆ. ನಿದ್ದೆ ಬರ್ತಿಲ್ವಾ, ಚಳೀನಾ ಅಂತ ಕೇಳಿದೆ. "ಇಲ್ಲ ಕಣೋ. ಇಷ್ಟು ಕತ್ತಲು ನೋಡಿ ಎಷ್ಟು ವರ್ಷ ಆಯ್ತು. ಊರಲ್ಲೂ ಈಗ ಹಿತ್ತಲ ತನಕ ಲೈಟು" ಅಂದರು. ನಾನೂ ಸ್ವಲ್ಪ ಹೊತ್ತು ಕೂತೆ. ಏನೂ ಕಾಣ್ತಿರಲಿಲ್ಲ. 35 ಡಾಲರ್ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ಮುಖ್ಯ ವಿಷಯ. ಒಂಟಿ ಬೂಟು ಅವರು "ತುಣುಕು ಬೀಳಿಸಬೇಡಿ" ಅಂತ ಬರೆದಿದ್ದರು, ಓದಿದ್ದೆ. ಪಾರ್ಕಿನವರ ಬೋರ್ಡಿನಲ್ಲೂ ಇತ್ತು. ಅಪ್ಪನಿಗೆ ಮಾತ್ರ ಹೇಳಿರಲಿಲ್ಲ. ಅಪ್ಪ ಊರಲ್ಲಿ ಕಾಗೆಗೆ ಒಂದು ಹಿಡಿ ಹಾಕದೆ ತಿಂಡಿ ತಿನ್ನೋರಲ್ಲ. ಶನಿವಾರ ಬೆಳಿಗ್ಗೆ ನಾನು ಹಲ್ಲುಜ್ಜಿ ಬರೋ ಹೊತ್ತಿಗೆ ಕಡ್ಲೆಪುರಿ ಪೊಟ್ಟಣ ಬಿಚ್ಚಿ, ಮರದ ಬುಡದಲ್ಲಿ ಎರಡು ಹಿಡಿ ಚೆಲ್ಲಿದ್ದಾರೆ. ಕಡು ನೀಲಿ ಬಣ್ಣದ, ಕಪ್ಪು ಜುಟ್ಟಿನ ಹಕ್ಕಿ ಎರಡು ಬಂದಿವೆ. ಸ್ಟೆಲ್ಲರ್ಸ್ ಜೇ ಅಂತ. ಆಮೇಲೆ ನಾಲ್ಕು. ಅಪ್ಪನ ಮುಖ ನೋಡಬೇಕಿತ್ತು. "ನೋಡೋ, ಬಣ್ಣ ಬೇರೆ, ಬುದ್ಧಿ ಕಾಗೇದೇ" ಅಂತಿದ್ದರು. ಆಮೇಲೆ ಹುಡುಕಿ ನೋಡಿದೆ, ಅದು ನಿಜವಾಗಲೂ ಕಾಗೆ ಕುಟುಂಬದ್ದೇ!

ಅಷ್ಟರಲ್ಲಿ ಕ್ಯಾಂಪ್ ಹೋಸ್ಟ್ ಬಂದರು. ಅಲ್ಲೇ ಉಳಿದುಕೊಂಡು ಕ್ಯಾಂಪ್ ನೋಡಿಕೊಳ್ಳುವ ಸ್ವಯಂಸೇವಕಿ, ಅಪ್ಪನದೇ ವಯಸ್ಸು ಇರಬೇಕು. ದಂಡ ಹಾಕ್ತಾರೆ ಅಂದ್ಕೊಂಡೆ. ಅವರು ಬೆಂಚಿನ ಮೇಲೆ ಅಪ್ಪನ ಪಕ್ಕ ಕೂತು ನಿಧಾನವಾಗಿ ಹೇಳಿದರು, ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ.

ಮಾರ್ಬಲ್ಡ್ ಮರ್ರೆಲೆಟ್ ಅಂತ ಒಂದು ಕಡಲ ಹಕ್ಕಿ ಇದೆ. ಮೀನು ಹಿಡಿಯೋದು ಸಮುದ್ರದಲ್ಲಿ, ಮೊಟ್ಟೆ ಇಡೋದು ಈ ಹಳೇ ಮರಗಳ ಎತ್ತರದ ಕೊಂಬೆಯಲ್ಲಿ. ಗೂಡು ಕಟ್ಟಲ್ಲ. ಪಾಚಿ ಬೆಳೆದ ಅಗಲ ಕೊಂಬೆ ನೋಡಿ ಒಂದೇ ಒಂದು ಮೊಟ್ಟೆ. ನಾವು ಚೆಲ್ಲಿದ ತುಣುಕಿಗೆ ಜೇ, ದೊಡ್ಡ ಕಾಗೆ ಥರದ ರೇವನ್ ಬರುತ್ತವೆ. ತಿಂಡಿ ಸಿಗುತ್ತೆ ಅಂತ ಸಂಸಾರ ಸಮೇತ ಇಲ್ಲೇ ಠಿಕಾಣಿ ಹೂಡುತ್ತವೆ. ಆಮೇಲೆ ಮೇಲಕ್ಕೆ ಹೋಗಿ ಆ ಒಂದು ಮೊಟ್ಟೆಯನ್ನೂ ಹುಡುಕಿ ತಿನ್ನುತ್ತವೆ.

ಅಪ್ಪ ಪೂರ್ತಿ ಕೇಳಿದರು. "ಒಂದೇನಾ?" ಅಂದರು. ಒಂದೇ ಅಂದೆ. ಆ ಹೆಂಗಸಿಗೆ ಕೈ ಮುಗಿದರು. ಆಮೇಲೆ ಮೊಣಕಾಲು ನೋವು ಅನ್ನೋ ಮನುಷ್ಯ ಕುಕ್ಕರುಗಾಲಲ್ಲಿ ಕೂತು ಪುರಿ ಆರಿಸೋಕೆ ಶುರು ಮಾಡಿದರು. ಕಂದು ಬಣ್ಣದ ಒಣ ಎಲೆ ನಡುವೆ ಬಿಳೀ ಪುರಿ, ಒಂದೊಂದೇ. ಮಗಳು ಬಂದು ಪಕ್ಕ ಕೂತಳು. ಹೋಸ್ಟ್ ಸಾಕು ಸಾಕು ಅಂತಿದ್ದರು. ಇಬ್ಬರೂ ಕೇಳಲಿಲ್ಲ. ಅರ್ಧ ಗಂಟೆ ಆಯಿತು. ಮಗಳು ಒಂದು ಎಲೆ ಎತ್ತಿ "ತಾತಾ, ಇಲ್ಲೊಂದು!" ಅಂದಾಗ ಅದರ ಕೆಳಗಿದ್ದದ್ದು ಪುರಿ ಅಲ್ಲ, ಬನಾನಾ ಸ್ಲಗ್. ಅಮ್ಮ ಕಿರುಚಿದ್ದು ಪಕ್ಕದ ಸೈಟಿಗೂ ಕೇಳಿಸಿತು.

ಉಳಿದಿದ್ದು ಚುಟುಕಾಗಿ. ಸೆಕೋಯಾ ಟ್ರೈಲ್ ಎಲ್ಲರೂ ಮುಗಿಸಿದೆವು. ಟಿಪ್‌ಟೋ ಫಾಲ್ಸ್‌ಗೆ ನಾನು, ಮಗಳು ಮಾತ್ರ. ಮೂರೆಲೆ ಕಂಡಲ್ಲೆಲ್ಲ ಅಮ್ಮನೇ "ಬಿಲ್ವ ಅಲ್ಲ, ಬಿಲ್ವ ಅಲ್ಲ" ಅಂತ ಕೂಗಿ ಎಚ್ಚರಿಸಿದರು. ಪುಳಿಯೋಗರೆ ಶನಿವಾರ ರಾತ್ರಿಗೇ ಖಾಲಿ. ಬ್ರೆಡ್ಡು ಹಾಗೇ ವಾಪಸ್ ಬಂತು. ಕ್ಷಮಿಸಿ ಒಂಟಿ ಬೂಟು ಅವರೇ.

ಕಟಕ್ ರೊಟ್ಟಿ, ಜೂನ್ 17

ಬ್ರೆಡ್ಡು ವಾಪಸ್ ಬಂದದ್ದನ್ನು ಓದಿ ಭಾಳ ಖುಷಿ ಆಯಿತು. ಐದು ಪಿನ್ನಿನ ಬಾಗಿಲಿನ ಫೋಟೋ ಇದ್ದರೆ ಹಾಕಿ.

ಬೆಳಗಿನ ಹಕ್ಕಿ (ಪಾಲೊ ಆಲ್ಟೊ), ಜೂನ್ 18

ಅಪ್ಪನಿಗೆ ಇದನ್ನೂ ಹೇಳಿ. ಆ ಹಕ್ಕಿ ಎಲ್ಲಿ ಮೊಟ್ಟೆ ಇಡುತ್ತೆ ಅಂತ ಇಲ್ಲಿನ ಪಕ್ಷಿ ತಜ್ಞರಿಗೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ. 1974ರಲ್ಲಿ ಪಕ್ಕದ ಬಿಗ್ ಬೇಸಿನ್ ಪಾರ್ಕಿನಲ್ಲಿ, ಕ್ಯಾಂಪ್ ಸೈಟಿನ ಮೇಲಿನ ಕೊಂಬೆ ಸವರೋಕೆ ಮರ ಹತ್ತಿದ ಕೆಲಸಗಾರನಿಗೆ ಮರಿ ಸಿಕ್ಕಿತು. ಕ್ಯಾಲಿಫೋರ್ನಿಯಾದಲ್ಲಿ ಈ ಹಕ್ಕಿ ಮೊಟ್ಟೆ ಇಡೋ ಜಾಗ ಕಂಡದ್ದು ಅದೇ ಮೊದಲು. ಯಾರು ಹತ್ತುತ್ತಾರೆ ಅಂತ ಅಪ್ಪ ಕೇಳಿದ್ದು ಸರಿಯಾದ ಪ್ರಶ್ನೆ ನೋಡಿ!

ಬಿಗ್ ಬೇಸಿನ್ ಇಲ್ಲಿನ ಅತಿ ಹಳೇ ಸ್ಟೇಟ್ ಪಾರ್ಕ್, 1902ರದ್ದು. 2020ರ ಆಗಸ್ಟ್‌ನ ಬೆಂಕಿಯಲ್ಲಿ ಹೆಚ್ಚುಕಮ್ಮಿ ಪೂರ್ತಿ ಸುಟ್ಟಿತು. 2022ರಲ್ಲಿ ಮತ್ತೆ ತೆರೆದಾಗ ಹೋಗಿದ್ದೆ. ಬುಡದಿಂದ ಮೇಲಿನವರೆಗೆ ಕರಿ ಬಳಿದ ಕಂಬ, ಅದರ ಮೈ ತುಂಬ ಬಾಟಲಿ ತೊಳೆಯೋ ಬ್ರಷ್ ಥರ ಹಸಿರು ಚಿಗುರು. ರೆಡ್‌ವುಡ್ ತೊಗಟೆ ದಪ್ಪ, ಒಳಗಿನ ಮೊಗ್ಗು ಸಾಯಲ್ಲ. ಮರ ಬದುಕಿತು. ಆದರೆ ಹಕ್ಕಿಗೆ ಬೇಕಾದ ಪಾಚಿ ಕೊಂಬೆ ಅಷ್ಟು ಬೇಗ ಬರಲ್ಲ. ಅದಕ್ಕೇ ಉಳಿದಿರುವ ಹಳೇ ಮರಗಳ ಕೆಳಗೆ ಪುರಿ ಆರಿಸಿದ್ದು ಸಣ್ಣ ಕೆಲಸ ಏನಲ್ಲ.

ಜುಲೈನಲ್ಲಿ ಇನ್ನೊಂದು ಸಲ ಹೋಗೋದಾದರೆ, ಸೂರ್ಯ ಹುಟ್ಟೋಕೆ ಮುಕ್ಕಾಲು ಗಂಟೆ ಮೊದಲೇ ಎದ್ದು ಹೊರಗೆ ಕೂತಿರಿ. ಅವು ಸಮುದ್ರದಿಂದ ಮೀನು ತರುತ್ತಾ ತಲೆ ಮೇಲೆ ಹೋಗೋದು ಆ ಹೊತ್ತಿಗೆ. ಕಾಣೋದು ಕಷ್ಟ, "ಕೀರ್, ಕೀರ್" ಅಂತ ಕೇಳಿಸುತ್ತೆ.

ತಿಪಟೂರು ಕೊಬ್ಬರಿ, ಜೂನ್ 18

ಅಪ್ಪನಿಗೆ ಓದಿ ಹೇಳಿದೆ. ಮೂರು ಸಲ ಓದಿಸಿದರು. ಜುಲೈನಲ್ಲಿ ಯಾರಾದರೂ ಪೋರ್ಟೋಲಾ ಸೈಟ್ ಕ್ಯಾನ್ಸಲ್ ಮಾಡೋರಿದ್ದರೆ ದಯವಿಟ್ಟು ಇಲ್ಲಿ ಹೇಳಿ. ವಾರಾಂತ್ಯವೇ ಆಗಬೇಕು ಅಂತಿಲ್ಲ.

ಒಂಟಿ ಬೂಟು, ಜೂನ್ 18

ಈಗಷ್ಟೇ ನೋಡಿದೆ. ಜುಲೈ ಎರಡನೇ ವಾರ ಮಂಗಳವಾರ, ಬುಧವಾರ ಒಂದು ಸೈಟ್ ಖಾಲಿ ತೋರಿಸ್ತಿದೆ, ಟಾಯ್ಲೆಟ್‌ಗೆ ಹತ್ತಿರದ್ದು. ಬೇಗ ಹಿಡೀರಿ.

ತಿಪಟೂರು ಕೊಬ್ಬರಿ, ಜೂನ್ 18

ಹಿಡಿದೆ! ಹೊಸ ಟೆಂಟ್ ತಗೊಳ್ಳಲಾ ಅಂತ ಕೇಳಿದೆ. "ದುಡ್ಡು ದಂಡ, ಪಿನ್ನು ಇದೆ" ಅಂದರು ಅಮ್ಮ.